ಬದಲಾಗದ ಚುಕ್ಕೆ

ಕ್ಯಾಮರಾದ ಒಳಗನ್ನು ಶುಚಿಮಾಡುವ ಕೆಲಸಕ್ಕೆ ಇನ್ನೂ ಹೆಚ್ಚು ವಯಸ್ಸಾಗಿಲ್ಲ. ಫೋಟೊಗ್ರಫಿ 1839ರಲ್ಲಿ ಹುಟ್ಟಿತು ಎಂದು ಹಿಡಿದರೆ, ಮೊದಲ 160 ವರ್ಷ ಫೋಟೊ ತೆಗೆಯುವವರು ಲೆನ್ಸ್ ಒರೆಸಿದರು, ಗಾಜಿನ ಪ್ಲೇಟು ಒರೆಸಿದರು, ನೆಗೆಟಿವ್ ಮೇಲಿನ ಧೂಳು ಕೊಡವಿದರು. ಅಷ್ಟಾದರೂ ಪ್ರಿಂಟಿನಲ್ಲಿ ಬಿಳಿ ಚುಕ್ಕೆ ಉಳಿದರೆ, ಊರೂರಿನ ಸ್ಟುಡಿಯೋಗಳಲ್ಲಿ ಟಚಿಂಗ್ ಮಾಡುವವರು ಸಣ್ಣ ಬ್ರಶ್ಶು ಹಿಡಿದು ಅದಕ್ಕೆ ಬಣ್ಣ ತುಂಬಿದರು. ಆದರೆ ಚಿತ್ರ ಮೂಡುವ ಮೈಯನ್ನೇ ಕ್ಯಾಮರಾದೊಳಗೆ ಕೈಹಾಕಿ ಒರೆಸುವ ಪ್ರಮೇಯ ಅವರಿಗೆ ಬರಲಿಲ್ಲ. ಆ ಮೈ ಪ್ರತಿ ಚಿತ್ರಕ್ಕೂ ಹೊಸದಾಗಿರುತ್ತಿತ್ತು. ಒಂದು ಫ್ರೇಮಿನ ಮೇಲೆ ಕೂತ ಧೂಳು ಆ ಫ್ರೇಮಿನ ಜೊತೆಗೇ ಮುಂದೆ ಸಾಗಿ ಹೋಗುತ್ತಿತ್ತು.

ಡಿಜಿಟಲ್ ಕ್ಯಾಮರಾದಲ್ಲಿ ಹಾಗಲ್ಲ. ಕೊಂಡ ದಿನ ಯಾವ ಸೆನ್ಸರ್ ಇತ್ತೋ ಲಕ್ಷ ಫೋಟೊ ಆದ ಮೇಲೂ ಅದೇ ಸೆನ್ಸರ್. ಅದರ ಮುಂದೆ ಬಂದು ಕೂತ ಒಂದು ಕಣ ಮುಹೂರ್ತದ ಫೋಟೊದಲ್ಲೂ ಇರುತ್ತದೆ, ಆರತಕ್ಷತೆಯ ಫೋಟೊದಲ್ಲೂ ಇರುತ್ತದೆ, ಮುಂದಿನ ವಾರ ಜೋಗಕ್ಕೆ ಹೋದರೆ ಅಲ್ಲಿನ ಆಕಾಶದಲ್ಲೂ ಅದೇ ಜಾಗದಲ್ಲಿ ಇರುತ್ತದೆ. ಫಿಲ್ಮಿನ ಕಾಲದ ಧೂಳು ಬಂದು ಹೋಗುವ ನೆಂಟ. ಸೆನ್ಸರಿನ ಧೂಳು ಮನೆಯಲ್ಲೇ ಬಿಡಾರ ಹೂಡಿದ್ದು.

ಈ ಬದಲಾವಣೆಯ ಕಥೆಯನ್ನು ಪುಣೆಯಿಂದ ಹೇಳುವುದಕ್ಕೆ ಕಾರಣವಿದೆ. ಇಲ್ಲಿನ ಲಾ ಕಾಲೇಜ್ ರಸ್ತೆಯಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ, ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವಿದೆ. ಅಲ್ಲೇ ಸಮೀಪದಲ್ಲಿ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವಿದೆ. ಅಲ್ಲಿಂದ ಗಣೇಶಖಿಂಡ್ ಕಡೆಗೆ ಹೋದರೆ ವಿಶ್ವವಿದ್ಯಾಲಯದ ಆವರಣದಲ್ಲಿ ಖಗೋಳ ವಿಜ್ಞಾನಿಗಳ ಕೇಂದ್ರ ಅಯುಕಾ ಇದೆ. ಈ ನಾಲ್ಕೂ ಕಡೆಯ ಕೆಲಸಗಳು ಬೇರೆ ಬೇರೆ. ಆದರೆ ಬೇಡದ ಚುಕ್ಕೆ ಯಾವುದು, ಬೇಕಾದ ಗುರುತು ಯಾವುದು ಎಂದು ತೀರ್ಮಾನಿಸುವುದು ನಾಲ್ಕು ಕಡೆಯವರಿಗೂ ನಿತ್ಯದ ಪ್ರಶ್ನೆ. ಒಂದು ಕ್ಯಾಮರಾದ ಸೆನ್ಸರಿನ ಮೇಲೆ ಧೂಳು ಕೂತಿದೆಯೇ ಎಂದು ಪರೀಕ್ಷಿಸುವವರು ಕೇಳಿಕೊಳ್ಳುವುದೂ ಇದೇ ಪ್ರಶ್ನೆಯನ್ನು.

ಗೇಟಿನ ಕೂದಲು

1929ರಲ್ಲಿ ಕೊಲ್ಹಾಪುರದಲ್ಲಿ ಶುರುವಾದ ಪ್ರಭಾತ್ ಫಿಲ್ಮ್ ಕಂಪನಿ 1933ರಲ್ಲಿ ಪುಣೆಗೆ ಬಂತು. 'ಸಂತ ತುಕಾರಾಮ್' (1936) ತಯಾರಾದದ್ದು ಇಲ್ಲಿನ ಸ್ಟುಡಿಯೋದಲ್ಲಿ. ಕಂಪನಿ ಮುಚ್ಚಿದ ಮೇಲೆ ಅದೇ ಆವರಣದಲ್ಲಿ 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ತೆರೆಯಿತು. ಗಿರೀಶ ಕಾರ್ನಾಡರು 1974-75ರಲ್ಲಿ ಅದರ ನಿರ್ದೇಶಕರಾಗಿದ್ದರು, ಗಿರೀಶ ಕಾಸರವಳ್ಳಿಯವರು ಅಲ್ಲಿ ಓದಿ 1975ರಲ್ಲಿ ಹೊರಬಂದರು.

ಅಂಥ ಕಡೆ ಫಿಲ್ಮಿನಲ್ಲಿ ಕೆಲಸ ಕಲಿತ ಯಾರಿಗೂ ಗೊತ್ತಿರುವ ಒಂದು ಮಾತು 'ಗೇಟ್ ಚೆಕ್'. ಸಿನಿಮಾ ಕ್ಯಾಮರಾದಲ್ಲಿ ಫಿಲ್ಮು ಲೆನ್ಸಿನ ಹಿಂದೆ ಒಂದು ಲೋಹದ ಚೌಕಟ್ಟಿನ ಮುಂದೆ ಹಾದುಹೋಗುತ್ತದೆ. ಅದೇ ಗೇಟ್. ಸೆಕೆಂಡಿಗೆ 24 ಸಲ ಫಿಲ್ಮು ಅಲ್ಲಿ ನಿಂತು, ಬೆಳಕು ಉಂಡು, ಮುಂದೆ ಸರಿಯುತ್ತದೆ. ಹಾಗೆ ಓಡುವಾಗ ಫಿಲ್ಮಿನ ಅಂಚಿನಿಂದ ಎಳೆಯೊಂದು ಸುಲಿದು ಬಂದು, ಇಲ್ಲವೇ ಎಲ್ಲಿಂದಲೋ ಒಂದು ನಾರು ಹಾರಿ ಬಂದು ಚೌಕಟ್ಟಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ತೆರೆಯ ಮೇಲೆ ಅದು ಚಿತ್ರದ ಅಂಚಿನಲ್ಲಿ ನಡುಗುವ ಕಪ್ಪು ಕೂದಲಿನಂತೆ ಕಾಣುತ್ತದೆ. ಶಾಟ್ ಓಕೆ ಎಂದ ಮೇಲೂ ಅಸಿಸ್ಟೆಂಟ್ ಕ್ಯಾಮರಾಮನ್ ಗೇಟ್ ನೋಡಿ ಸರಿಯಿದೆ ಎನ್ನುವ ತನಕ ಯಾರೂ ಜಾಗ ಬಿಡುವಂತಿಲ್ಲ. ಕೂದಲು ಸಿಕ್ಕಿದರೆ ಆ ಶಾಟ್ ಮತ್ತೊಮ್ಮೆ. ಗೇಟನ್ನು ಶುಚಿಮಾಡಲು ಗಾಳಿ ಊದುವ ರಬ್ಬರ್ ಬ್ಲೋವರ್, ಅಂಟಿದ್ದನ್ನು ಬಿಡಿಸಲು ಮೊನೆಯುಳ್ಳ ಮರದ ಕಡ್ಡಿ. ಲೋಹದ್ದು ನಿಷಿದ್ಧ. ಗೀರು ಬಿದ್ದರೆ ಆಮೇಲೆ ಹಾಯುವ ಫಿಲ್ಮೆಲ್ಲಾ ಹಾಳು.

ಗೇಟಿನ ಕೂದಲೊಂದನ್ನು ಬಿಟ್ಟರೆ ಉಳಿದ ಧೂಳೆಲ್ಲಾ ಫಿಲ್ಮಿನ ಮೈಮೇಲಿನದು. ಒಂದು ಸಾವಿರ ಅಡಿಯ ರೀಲಿನಲ್ಲಿ 16,000 ಫ್ರೇಮು, ಎರಡು ಗಂಟೆಯ ಸಿನಿಮಾದಲ್ಲಿ 1,72,800 ಫ್ರೇಮು. ಇವುಗಳಲ್ಲಿ ಯಾವುದೋ ಒಂದರ ಮೇಲೆ ಕೂತ ಕಣ ಪ್ರೇಕ್ಷಕನಿಗೆ ಸೆಕೆಂಡಿನ 24ನೇ ಒಂದು ಭಾಗ ಕಾಣಿಸಿ ಮಾಯವಾಗುತ್ತದೆ. ಹಳೆಯ ಸಿನಿಮಾ ನೋಡುವಾಗ ತೆರೆಯ ಮೇಲೆ ಕಪ್ಪು ಬಿಳಿ ಚುಕ್ಕೆಗಳು ಚಿಟಪಟ ಎಂದು ಹಾರುತ್ತವಲ್ಲ, ಅದು ಇದೇ.

ಇನ್ನೊಂದು ಮಾತು. ಆಗ ಶುಚಿತ್ವ ಒಬ್ಬರ ಹೊಣೆಯಾಗಿರಲಿಲ್ಲ. ಗೇಟಿಗೆ ಅಸಿಸ್ಟೆಂಟ್, ತೊಳೆಯುವುದಕ್ಕೆ ಲ್ಯಾಬು, ನೆಗೆಟಿವ್ ಕತ್ತರಿಸುವವರ ಕೈಗೆ ಬಿಳಿ ಹತ್ತಿಯ ಕೈಗವಸು, ಪ್ರಿಂಟ್ ಹಾಕುವಲ್ಲಿ ಮತ್ತೊಬ್ಬರು. ಡಿಜಿಟಲ್ ಬಂದಾಗ ಈ ಸರಪಳಿಯೆಲ್ಲಾ ಒಂದು ಪೆಟ್ಟಿಗೆಯೊಳಗೆ ಬಂತು. ಹೊಣೆಯೂ ಪೆಟ್ಟಿಗೆಯ ಮಾಲೀಕರ ತಲೆಗೆ ಬಂತು.

ಒಂದೇ ಹಾಳೆ

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ 1969ರಲ್ಲಿ ಸಿಸಿಡಿಯನ್ನು ರೂಪಿಸಿದರು. ಬೆಳಕು ಬಿದ್ದಲ್ಲಿ ವಿದ್ಯುತ್ ಕಣಗಳನ್ನು ಕೂಡಿಟ್ಟು, ಅವನ್ನು ಸಾಲಾಗಿ ಒಂದು ಗುಂಡಿಯಿಂದ ಇನ್ನೊಂದಕ್ಕೆ ದಾಟಿಸಿ ಎಣಿಸುವ ಸಿಲಿಕಾನ್ ಚೂರು ಅದು. ಇದಕ್ಕೆ ಅವರಿಗೆ 2009ರ ಭೌತವಿಜ್ಞಾನ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. 1975ರಲ್ಲಿ ಕೊಡ್ಯಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಇಂಥ ಚೂರನ್ನು ಇಟ್ಟು ಮೊದಲ ಡಿಜಿಟಲ್ ಕ್ಯಾಮರಾ ಕಟ್ಟಿದರು. 100 ಸಾಲು, ಸಾಲಿಗೆ 100 ಚುಕ್ಕೆ. ಒಂದು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡು ಬೇಕಾಗಿತ್ತು. ಅದೇ ಕಂಪನಿಯ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಪೇಟೆಂಟ್ ಸಿಕ್ಕ ಕೆಂಪು, ಹಸಿರು, ನೀಲಿ ಚೌಕಗಳ ಜಾಲವೇ ಇಂದಿಗೂ ಬಹುತೇಕ ಸೆನ್ಸರುಗಳಿಗೆ ಬಣ್ಣ ಕಾಣಿಸುವುದು.

1991ರಲ್ಲಿ ಬಂದ ಕೊಡ್ಯಾಕ್ ಡಿಸಿಎಸ್, ನಿಕಾನ್ ಎಫ್3 ಕ್ಯಾಮರಾದ ಒಡಲಿನಲ್ಲಿ ಫಿಲ್ಮಿನ ಜಾಗಕ್ಕೆ ಸೆನ್ಸರ್ ಇಟ್ಟ ಯಂತ್ರ. 1999ರಲ್ಲಿ ನಿಕಾನ್ ಡಿ1, ಮರುವರ್ಷ ಕ್ಯಾನನ್ ಡಿ30 ಬಂದವು. ಪತ್ರಿಕೆಗಳ ಫೋಟೊಗ್ರಾಫರುಗಳು ಮೊದಲು, ಮದುವೆ ಫೋಟೊಗ್ರಾಫರುಗಳು ಆಮೇಲೆ ಫಿಲ್ಮ್ ಬಿಟ್ಟರು. ಲೆನ್ಸ್ ಬದಲಾಯಿಸುವ ಹಳೆಯ ಅಭ್ಯಾಸ ಮಾತ್ರ ಹಾಗೇ ಮುಂದುವರಿಯಿತು. ಲೆನ್ಸ್ ತೆಗೆದಾಗಲೆಲ್ಲಾ ಗಾಳಿ ಒಳಹೋಗುತ್ತದೆ, ಗಾಳಿಯ ಜೊತೆ ಧೂಳು. ಜೂಮ್ ಲೆನ್ಸನ್ನು ಹಿಂದೆ ಮುಂದೆ ಎಳೆದರೂ ಅದೊಂದು ತಿದಿಯೇ. ಇನ್ನು ಒಳಗಡೆ ಶಟರ್ ಮತ್ತು ಕನ್ನಡಿ ಸವೆದು ಉದುರಿಸುವ ಸಣ್ಣ ಕಣಗಳು, ಅವುಗಳ ಕೀಲಿಗೆ ಹಚ್ಚಿದ ಎಣ್ಣೆಯ ಸಿಡಿತ.

ತಯಾರಕರಿಗೆ ಇದು ಅರ್ಥವಾಗಲು ಕೆಲವು ವರ್ಷ ಬೇಕಾಯಿತು. 2003ರ ಒಲಿಂಪಸ್ ಇ-1 ತನ್ನ ಧೂಳನ್ನು ತಾನೇ ಕೊಡವಿಕೊಳ್ಳುವ ಮೊದಲ ಕ್ಯಾಮರಾ. ಸೆನ್ಸರಿನ ಮುಂದಿನ ತೆಳುಗಾಜು ಕಿವಿಗೆ ಕೇಳಿಸದಷ್ಟು ವೇಗದಲ್ಲಿ, ಸೆಕೆಂಡಿಗೆ ಹತ್ತಾರು ಸಾವಿರ ಸಲ ಅದುರುತ್ತದೆ. ಉದುರಿದ ಧೂಳನ್ನು ಕೆಳಗಿನ ಅಂಟುಪಟ್ಟಿ ಹಿಡಿದಿಡುತ್ತದೆ. 2006ರಲ್ಲಿ ಸೋನಿ, ಕ್ಯಾನನ್, ಪೆಂಟಾಕ್ಸ್ ಕ್ಯಾಮರಾಗಳಿಗೂ, 2008ರ ಹೊತ್ತಿಗೆ ನಿಕಾನ್‌ನ ಅಗ್ಗದ ಮಾದರಿಗಳಿಗೂ ಈ ಬಗೆಯ ಏರ್ಪಾಡು ಬಂತು.

ಅದೂ ಸಾಲದು ಎಂದು ತೋರಿಸಿದ್ದು ನಿಕಾನ್ ಡಿ600 ಪ್ರಸಂಗ. 2012ರಲ್ಲಿ ಬಂದ ಆ ಕ್ಯಾಮರಾದ ಚಿತ್ರಗಳ ಎಡ ಮೇಲ್ಭಾಗದಲ್ಲಿ ಚುಕ್ಕೆಗಳು ಗುಂಪುಗಟ್ಟುತ್ತಿವೆ ಎಂದು ಕೊಂಡವರು ದೂರತೊಡಗಿದರು. ಹೊರಗಿನ ಧೂಳಾದರೆ ಎಲ್ಲೆಡೆ ಹರಡಬೇಕು, ಒಂದೇ ಮೂಲೆ ಯಾಕೆ ಎಂಬುದು ಅವರ ವಾದ. ಕೆಲವರು ಒಂದೇ ದೃಶ್ಯವನ್ನು ಸಾಲಾಗಿ ತೆಗೆದು, ವಿಡಿಯೊದಂತೆ ಓಡಿಸಿ, ಚುಕ್ಕೆಗಳು ಒಂದೊಂದಾಗಿ ಹುಟ್ಟುವುದನ್ನು ತೋರಿಸಿದರು. 2013ರ ಅಕ್ಟೋಬರಿನಲ್ಲಿ ಬಹುಪಾಲು ಅದೇ ಕ್ಯಾಮರಾ ಬೇರೆ ಶಟರಿನೊಂದಿಗೆ ಡಿ610 ಎಂಬ ಹೆಸರಲ್ಲಿ ಬಂತು. 2014ರ ಫೆಬ್ರವರಿಯಲ್ಲಿ ಕಂಪನಿ, ವಾರಂಟಿ ಮುಗಿದಿದ್ದರೂ ಸರಿ, ಉಚಿತವಾಗಿ ಶುಚಿಮಾಡಿ ಶಟರ್ ಬದಲಿಸಿಕೊಡುವುದಾಗಿ ಪ್ರಕಟಿಸಿತು. ಚುಕ್ಕೆ ಎಲ್ಲಿ ಕೂತಿದೆ ಎಂಬುದೇ ಅದು ಎಲ್ಲಿಂದ ಬಂತು ಎಂಬುದಕ್ಕೆ ಸಾಕ್ಷಿ ಹೇಳಿತ್ತು.

ನೆರಳಿನ ಲೆಕ್ಕ

ಧೂಳು ಇದೆಯೇ ಎಂದು ನೋಡುವುದು ಹೇಗೆ? ಬಹಳ ಸಲ ಅದು ಇದ್ದರೂ ಕಾಣುವುದಿಲ್ಲ. ಮದುವೆ ಮಂಟಪದ ಮಂದ ಬೆಳಕಿನಲ್ಲಿ ಎಫ್/2 ಅಪರ್ಚರಿನಲ್ಲಿ ತೆಗೆದ ಚಿತ್ರ ನಿರ್ಮಲವಾಗಿರುತ್ತದೆ. ಮರುದಿನ ಬಿಸಿಲಲ್ಲಿ ಎಫ್/16ರಲ್ಲಿ ತೆಗೆದರೆ ಆಕಾಶದ ತುಂಬಾ ಸಿಡುಬು.

ಇದರ ಹಿಂದೆ ಸರಳ ಲೆಕ್ಕವಿದೆ. ಧೂಳು ಸೆನ್ಸರಿನ ಮೇಲೆ ಕೂರುವುದಿಲ್ಲ, ಅದರ ಮುಂದಿರುವ ಫಿಲ್ಟರ್ ಗಾಜಿನ ಮೇಲೆ ಕೂರುತ್ತದೆ. ಆ ಅಂತರ ಒಂದು ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಲೆನ್ಸಿನಿಂದ ಬರುವ ಬೆಳಕು ಶಂಕುವಿನ ಆಕಾರದಲ್ಲಿ ಬಂದು ಸೆನ್ಸರಿನಲ್ಲಿ ಮೊನೆಯಾಗುತ್ತದೆ. ಧೂಳು ಕೂತ ಮಟ್ಟದಲ್ಲಿ ಆ ಶಂಕುವಿನ ಅಗಲ ಎಷ್ಟೆಂದರೆ, ಅಂತರವನ್ನು ಎಫ್ ಸಂಖ್ಯೆಯಿಂದ ಭಾಗಿಸಿದಷ್ಟು. ಎಫ್/2ರಲ್ಲಿ ಅರ್ಧ ಮಿಲಿಮೀಟರ್. ಎಫ್/16ರಲ್ಲಿ ಸುಮಾರು 0.06 ಮಿಲಿಮೀಟರ್. ಧೂಳಿನ ಕಣ 0.05 ಮಿಲಿಮೀಟರ್ ಇದ್ದರೆ, ಎಫ್/2ರಲ್ಲಿ ಅದು ನೂರರಲ್ಲಿ ಒಂದು ಪಾಲು ಬೆಳಕನ್ನಷ್ಟೇ ತಡೆಯುತ್ತದೆ. ಅದು ಕಣ್ಣಿಗೆ ಗೊತ್ತಾಗದು. ಎಫ್/16ರಲ್ಲಿ ಅದೇ ಕಣ ಅರ್ಧಕ್ಕಿಂತ ಹೆಚ್ಚು ಬೆಳಕನ್ನು ಅಡ್ಡಗಟ್ಟುತ್ತದೆ. ಅಲ್ಲಿ ಕಪ್ಪು ಚುಕ್ಕೆ.

ಹಾಗಾಗಿ ಪರೀಕ್ಷೆಯ ಫೋಟೊ ಹೀಗೆ: ಅಪರ್ಚರ್ ಎಫ್/16 ಅಥವಾ ಎಫ್/22, ಐಎಸ್‌ಒ ಅತಿ ಕಡಿಮೆ, ಎದುರಿಗೆ ಮೋಡವಿಲ್ಲದ ಆಕಾಶ ಅಥವಾ ಬಿಳಿ ಗೋಡೆ, ಫೋಕಸ್ ಬೇಕೆಂದೇ ತಪ್ಪಿಸಿದ್ದು. ಶಟರ್ ತೆರೆದಿರುವಾಗ ಕ್ಯಾಮರಾವನ್ನು ತುಸು ಅಲುಗಿಸಬೇಕು. ಗೋಡೆಯ ಮೇಲಿನ ಕಲೆ ಕದಡಿ ಅಳಿಸಿಹೋಗುತ್ತದೆ. ಕ್ಯಾಮರಾದೊಳಗಿನದು ಕ್ಯಾಮರಾದ ಜೊತೆಗೇ ಅಲುಗುವುದರಿಂದ ಸ್ಥಿರವಾಗಿ ಉಳಿಯುತ್ತದೆ. ಲೆನ್ಸಿನ ಮುಂಭಾಗದ ಧೂಳು ಸೆನ್ಸರಿನಿಂದ ಬಹಳ ದೂರ, ಅದು ಹೀಗೆ ಚುಕ್ಕೆಯಾಗಿ ಕಾಣುವುದಿಲ್ಲ. ಆದರೂ ಅನುಮಾನವಿದ್ದರೆ ಲೆನ್ಸ್ ಬದಲಿಸಿ ಇನ್ನೊಂದು ಫೋಟೊ ತೆಗೆಯಬೇಕು. ಚುಕ್ಕೆ ಅಲ್ಲೇ ಇದ್ದರೆ ಲೆನ್ಸ್ ನಿರ್ದೋಷಿ. ಎರಡು ಫೋಟೊಗಳ ನಡುವೆ ಅದು ಜಾಗ ಬದಲಿಸಿದ್ದರೆ ಸಡಿಲ ಧೂಳು, ಗಾಳಿ ಊದಿದರೆ ಹೋಗುತ್ತದೆ. ಸುತ್ತ ತಿಳಿಯಾದ ಉಂಗುರವಿರುವ ದುಂಡು ಚುಕ್ಕೆಯಾದರೆ ಎಣ್ಣೆಯ ಹನಿ ಇರಬಹುದು, ಊದಿದರೆ ಹೋಗದು.

ಒಂದು ಎಚ್ಚರ. ಲೆನ್ಸ್ ಚಿತ್ರವನ್ನು ತಲೆಕೆಳಗಾಗಿ ಬೀಳಿಸುತ್ತದೆ. ಲೆನ್ಸ್ ತೆಗೆದು ಎದುರಿನಿಂದ ನೋಡುವಾಗ ಎಡ ಎಡವೇ, ಬಲ ಬಲವೇ, ಮೇಲು ಕೆಳಗು ಮಾತ್ರ ಅದಲುಬದಲು. ಫೋಟೊದ ಎಡ ಮೇಲ್ಮೂಲೆಯ ಚುಕ್ಕೆಗೆ ಕಾರಣವಾದ ಕಣವನ್ನು ಎಡ ಕೆಳಮೂಲೆಯಲ್ಲಿ ಹುಡುಕಬೇಕು.

ಕೊಡವು, ಊದು, ಒತ್ತು, ಒರೆಸು

ಅನುವಾದ ನನ್ನ ಹೊಟ್ಟೆಪಾಡು. ಯಂತ್ರಗಳ ಕೈಪಿಡಿಗಳನ್ನು ಕನ್ನಡಕ್ಕೆ ತರುವಾಗ ಸೆನ್ಸರ್ ಎಂಬ ಪದವೇ ಒಂದು ತಮಾಷೆ. ಸಿನಿಮಾ ಕತ್ತರಿಸುವ ಮಂಡಳಿ ನಮ್ಮಲ್ಲಿ ಸೆನ್ಸಾರ್, ಬೆಳಕು ಹಿಡಿಯುವ ಚೂರು ಸೆನ್ಸರ್. ನಡುವೆ ಒಂದು ದೀರ್ಘ ಮಾತ್ರ. ಸಂವೇದಕ ಎಂಬ ಪದ ನಿಘಂಟಿನಲ್ಲಿದೆ, ಕ್ಯಾಮರಾ ರಿಪೇರಿ ಅಂಗಡಿಯಲ್ಲಿ ಇಲ್ಲ.

ಆದರೆ ನಿಜವಾಗಿ ಯೋಚಿಸಬೇಕಾದ್ದು ಕ್ರಿಯಾಪದದ ಬಗ್ಗೆ. ಇಂಗ್ಲಿಷ್ ಕೈಪಿಡಿ ಎಲ್ಲಕ್ಕೂ ಕ್ಲೀನ್ ಎಂಬ ಒಂದೇ ಪದ ಬಳಸಿ ಮುಂದೆ ಹೋಗುತ್ತದೆ. ಕನ್ನಡದಲ್ಲಿ ಹಾಗೆ ಬರೆದರೆ ಓದುವವರ ಕೈ ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ. ನಮಗೆ ಕೊಡವುವುದು ಬೇರೆ, ಊದುವುದು ಬೇರೆ, ಒರೆಸುವುದು ಬೇರೆ, ಉಜ್ಜುವುದು ಬೇರೆ, ತಿಕ್ಕುವುದು ಮತ್ತೂ ಬೇರೆ. ಮೆತ್ತಗಿನಿಂದ ಗಟ್ಟಿಗೆ ಹೋಗುವ ಈ ಸಾಲೇ ಸೆನ್ಸರ್ ಶುಚಿಮಾಡುವ ಕ್ರಮವೂ ಹೌದು.

ಮೊದಲು ಕೊಡವುವುದು. ಅದನ್ನು ಕ್ಯಾಮರಾ ತಾನೇ ಮಾಡುತ್ತದೆ. ಮೆನುವಿನಲ್ಲಿರುವ ಆ ಆಯ್ಕೆಯನ್ನು ಎರಡು ಮೂರು ಸಲ ಒತ್ತಿ, ಮತ್ತೆ ಪರೀಕ್ಷೆಯ ಫೋಟೊ ತೆಗೆದು ನೋಡಬೇಕು.

ಉಳಿದರೆ ಊದುವುದು. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು. ಕನ್ನಡಿಯಿರುವ ಕ್ಯಾಮರಾದಲ್ಲಿ ಕನ್ನಡಿಯನ್ನು ಮೇಲೆತ್ತಿ ನಿಲ್ಲಿಸಿರುವುದು ಬ್ಯಾಟರಿಯೇ. ಕೆಲಸದ ನಡುವೆ ಅದು ಮುಗಿದರೆ ಕನ್ನಡಿಯೂ ಶಟರೂ ಕೈಯಲ್ಲಿರುವ ಉಪಕರಣದ ಮೇಲೆ ಬೀಳುತ್ತವೆ. ಕ್ಯಾಮರಾದ ಬಾಯಿ ಕೆಳಮುಖವಾಗಿರಬೇಕು, ರಬ್ಬರ್ ಬ್ಲೋವರಿನ ಮೂತಿ ಗಾಜಿಗೆ ತಾಗಬಾರದು. ಬಾಯಿಂದ ಊದಿದರೆ ಉಗುಳಿನ ಹನಿ ಬೀಳುತ್ತದೆ. ಡಬ್ಬಿಯಲ್ಲಿ ತುಂಬಿದ ಗಾಳಿಯಿಂದ ತಣ್ಣಗಿನ ದ್ರವ ಚಿಮ್ಮಿ ಕಲೆಯಾಗುತ್ತದೆ. ಎರಡೂ ಬೇಡ.

ಆಮೇಲೆ ಒತ್ತಿ ಎತ್ತುವುದು. ತುದಿಯಲ್ಲಿ ಮೆತ್ತನೆಯ ಅಂಟಿರುವ ಕಡ್ಡಿಯನ್ನು ಗಾಜಿಗೆ ಮೆಲ್ಲನೆ ಒತ್ತಿ ತೆಗೆದರೆ ಕಣ ಅದಕ್ಕೆ ಅಂಟಿ ಬರುತ್ತದೆ. ಇದು ಹೊಸ ಉಪಾಯವಲ್ಲ. ಸಿನಿಮಾ ಲ್ಯಾಬುಗಳಲ್ಲಿ ಫಿಲ್ಮನ್ನು ಅಂಟುಮೈಯ ಉರುಳೆಗಳ ನಡುವೆ ಹಾಯಿಸಿ ಧೂಳು ತೆಗೆಯುತ್ತಿದ್ದರು.

ಕೊನೆಯದು ಒರೆಸುವುದು. ಸೆನ್ಸರಿನಷ್ಟೇ ಅಗಲದ ಸ್ವಾಬ್, ಅದಕ್ಕೆ ಎರಡೇ ಹನಿ ದ್ರಾವಣ. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒಂದೇ ಎಳೆತ. ಸ್ವಾಬ್ ಮಗುಚಿ ಆ ಕಡೆಯಿಂದ ಈ ಕಡೆಗೆ ಇನ್ನೊಂದು ಎಳೆತ. ಅಲ್ಲಿಗೆ ಆ ಸ್ವಾಬ್ ಕಸದ ಬುಟ್ಟಿಗೆ. ಮತ್ತೆ ಬಳಸಿದರೆ ಅದು ಹಿಡಿದ ಮರಳಿನ ಕಣವೇ ಗೀರು ಹಾಕುತ್ತದೆ. ಇಲ್ಲಿಯೂ ಫಿಲ್ಮಿನ ನೆನಪಿದೆ. ಡಿಜಿಟಲ್ ಕಾಲದ ಮೊದಲ ವರ್ಷಗಳಲ್ಲಿ ಹವ್ಯಾಸಿಗಳು ಸೆನ್ಸರಿಗೆ ಬಳಸಿದ ಪೆಕ್ ಪ್ಯಾಡ್ ಎಂಬ ನೂಲಿಲ್ಲದ ಬಟ್ಟೆ ಮೂಲತಃ ನೆಗೆಟಿವ್ ಮತ್ತು ಸ್ಲೈಡುಗಳನ್ನು ಒರೆಸಲು ಬಂದದ್ದು. ಅದರ ಜೊತೆಗೆ ಬಳಸುತ್ತಿದ್ದ ದ್ರಾವಣ ಮೆಥನಾಲ್. ಬೇಗ ಆರುತ್ತದೆ, ಕಲೆ ಉಳಿಸುವುದಿಲ್ಲ, ಆದರೆ ವಿಷ, ಬೆಂಕಿಯೂ ಹತ್ತುತ್ತದೆ. ಔಷಧದಂಗಡಿಯ ಸ್ಪಿರಿಟ್ಟಾಗಲಿ ಕನ್ನಡಕ ಒರೆಸುವ ದ್ರಾವಣವಾಗಲಿ ಇದಕ್ಕೆ ಬದಲಿಯಲ್ಲ.

ಉಜ್ಜುವ, ತಿಕ್ಕುವ ಕ್ರಿಯಾಪದಗಳಿಗೆ ಇಲ್ಲಿ ಜಾಗವೇ ಇಲ್ಲ. ಒಂದು ಕ್ರಮದಲ್ಲಿ ಹೋಗದ ಕಲೆ ಮುಂದಿನದಕ್ಕೆ, ಅದರಲ್ಲೂ ಹೋಗದಿದ್ದರೆ ಸರ್ವಿಸ್ ಸೆಂಟರಿಗೆ.

ಒರೆಸದೆ ಕಳೆಯುವವರು

ಒರೆಸಲಾಗದ ಜಾಗದಲ್ಲಿ ಧೂಳು ಇದ್ದರೆ? ಖಗೋಳ ವಿಜ್ಞಾನಿಗಳಿಗೆ ಇದು ಫೋಟೊಗ್ರಾಫರುಗಳಿಗಿಂತ ಮೊದಲೇ ಎದುರಾದ ತೊಡಕು. ಅವರು ಸಿಸಿಡಿಯನ್ನು ದೂರದರ್ಶಕಕ್ಕೆ ಜೋಡಿಸಿದ್ದು 1970ರ ದಶಕದಲ್ಲೇ. 1976ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಯುರೇನಸ್ ಗ್ರಹದ ಚಿತ್ರ ಹೀಗೆ ತೆಗೆದದ್ದು.

ಜಯಂತ ನಾರ್ಳೀಕರರು ಸ್ಥಾಪಕ ನಿರ್ದೇಶಕರಾಗಿ 1988ರಲ್ಲಿ ಆರಂಭವಾದ ಅಯುಕಾಗೆ ಪುಣೆಯಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿ, ಜುನ್ನರ್ ಕಡೆಯ ಗಿರಾವಲಿ ಎಂಬಲ್ಲಿ ವೀಕ್ಷಣಾಲಯವಿದೆ. ಅಲ್ಲಿನ 2 ಮೀಟರ್ ದೂರದರ್ಶಕ 2006ರಲ್ಲಿ ಉದ್ಘಾಟನೆಯಾಯಿತು. ಇಂಥ ಕಡೆ ಸಿಸಿಡಿ ನಿರ್ವಾತ ಪಾತ್ರೆಯೊಳಗೆ, ಸೊನ್ನೆಗಿಂತ ಬಹಳ ಕೆಳಗಿನ ಶೈತ್ಯದಲ್ಲಿರುತ್ತದೆ. ಅದನ್ನು ತೆರೆದು ಒರೆಸುವ ಮಾತೇ ಇಲ್ಲ. ಪಾತ್ರೆಯ ಗಾಜಿನ ಕಿಟಕಿಯ ಮೇಲೆ, ಫಿಲ್ಟರುಗಳ ಮೇಲೆ ಧೂಳು ಕೂರುತ್ತದೆ. ಚಿತ್ರದಲ್ಲಿ ಅದು ಉದ್ದಿನ ವಡೆಯಂತೆ, ನಡುವೆ ತೂತಿರುವ ಬಳೆಯಾಗಿ ಕಾಣುತ್ತದೆ. ಆ ತೂತು ದೂರದರ್ಶಕದ ಮುಂದೆ ನಿಂತ ಚಿಕ್ಕ ಕನ್ನಡಿಯ ನೆರಳು.

ಮೇಲೆ ಹೇಳಿದ ಲೆಕ್ಕವನ್ನೇ ತಿರುಗಿಸಿದರೆ ಬಳೆಯ ಅಗಲದಿಂದ ಧೂಳಿನ ವಿಳಾಸ ಸಿಗುತ್ತದೆ. ದೂರದರ್ಶಕ ಎಫ್/10 ಆಗಿದ್ದು, ಬಳೆ ಸೆನ್ಸರಿನ ಮೇಲೆ 1 ಮಿಲಿಮೀಟರ್ ಅಗಲವಿದ್ದರೆ ಧೂಳು ಸೆನ್ಸರಿನಿಂದ 10 ಮಿಲಿಮೀಟರ್ ಮುಂದಿದೆ. ಹಾಗಾದರೆ ಅದು ಕಿಟಕಿಯ ಮೇಲಿನದು. ಬಳೆ ಇನ್ನೂ ದೊಡ್ಡದಾದರೆ ಫಿಲ್ಟರಿನ ಮೇಲಿನದು.

ವಿಳಾಸ ಸಿಕ್ಕಿತೆಂದು ಅವರು ಬಟ್ಟೆ ಹಿಡಿದು ಹೊರಡುವುದಿಲ್ಲ. ಸಂಜೆಯ ಮಬ್ಬು ಆಕಾಶವನ್ನೋ ಗುಮ್ಮಟದೊಳಗೆ ಬೆಳಗಿಸಿದ ಬಿಳಿ ಪರದೆಯನ್ನೋ ಮೊದಲು ಚಿತ್ರ ತೆಗೆದಿಟ್ಟುಕೊಳ್ಳುತ್ತಾರೆ. ಇದಕ್ಕೆ ಫ್ಲ್ಯಾಟ್ ಎಂದು ಹೆಸರು. ರಾತ್ರಿ ತೆಗೆದ ನಕ್ಷತ್ರದ ಚಿತ್ರವನ್ನು ಚುಕ್ಕೆಗೆ ಚುಕ್ಕೆಯಾಗಿ ಫ್ಲ್ಯಾಟಿನಿಂದ ಭಾಗಿಸುತ್ತಾರೆ. ಧೂಳು ಎರಡರಲ್ಲೂ ಒಂದೇ ಪ್ರಮಾಣದಲ್ಲಿ ಬೆಳಕು ತಿಂದಿರುವುದರಿಂದ ಭಾಗಾಕಾರದಲ್ಲಿ ಅದು ಮಾಯವಾಗುತ್ತದೆ. ಇಲ್ಲಿರುವ ಷರತ್ತು ಒಂದೇ: ಎರಡು ಚಿತ್ರಗಳ ನಡುವೆ ಧೂಳು ಅಲುಗಬಾರದು. ಅಲುಗಿದರೆ ಹಳೆಯ ಜಾಗದಲ್ಲಿ ಬೆಳ್ಳನೆಯ ಸುಳ್ಳು ಬಳೆ, ಹೊಸ ಜಾಗದಲ್ಲಿ ಕಪ್ಪು ಬಳೆ. ಹಾಗಾಗಿ ಅವರಿಗೆ ಧೂಳು ಇದ್ದರೆ ಇರಲಿ, ಇದ್ದಲ್ಲೇ ಇರಲಿ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ ದೂರದರ್ಶಕವನ್ನು ನಮ್ಮ ಹೊಸಕೋಟೆಯ ಕೇಂದ್ರದಲ್ಲಿ ಕೂತು ನಡೆಸುವವರಿಗಂತೂ ಎದ್ದುಹೋಗಿ ಒರೆಸುವ ದಾರಿಯೇ ಇಲ್ಲ. ಕ್ಯಾನನ್, ನಿಕಾನ್ ಕ್ಯಾಮರಾಗಳಲ್ಲಿ ಬಿಳಿ ಗೋಡೆಯ ಫೋಟೊ ತೆಗೆದಿಟ್ಟು, ಆಮೇಲೆ ಸಾಫ್ಟ್‌ವೇರಿನಲ್ಲಿ ಧೂಳು ಕಳೆಯುವ ಆಯ್ಕೆ ಇದೆಯಲ್ಲ, ಅದೂ ಇದೇ ಜಾಣ್ಮೆಯ ಮನೆಬಳಕೆ.

ಒಂದು ಪ್ರತಿಯ ತಪ್ಪು, ಎಲ್ಲ ಪ್ರತಿಯ ತಪ್ಪು

ಮತ್ತೆ ಲಾ ಕಾಲೇಜ್ ರಸ್ತೆಗೆ ಬರೋಣ. ಚಲನಚಿತ್ರ ಸಂಗ್ರಹಾಲಯ 1964ರಲ್ಲಿ ಶುರುವಾಯಿತು. ಪಿ.ಕೆ. ನಾಯರ್ ದಶಕಗಳ ಕಾಲ ಅದನ್ನು ಕಟ್ಟಿದರು. ಅಲ್ಲಿನ ಕಷ್ಟ ಧೂಳಿಗಿಂತ ದೊಡ್ಡದು. 2003ರ ಜನವರಿಯಲ್ಲಿ ಇನ್‌ಸ್ಟಿಟ್ಯೂಟಿನ ಆವರಣದಲ್ಲಿ ನೈಟ್ರೇಟ್ ರೀಲುಗಳನ್ನು ಇಟ್ಟಿದ್ದ ಉಗ್ರಾಣಕ್ಕೆ ಬೆಂಕಿ ಬಿದ್ದು ಭರಿಸಲಾಗದ ನಷ್ಟವಾಯಿತು. ಉಳಿದಿರುವ ನೆಗೆಟಿವ್ ಒಂದೊಂದೂ ಅದಕ್ಕೇ ಅಮೂಲ್ಯ.

ಅಲ್ಲಿ ಉಳಿದಿದ್ದವುಗಳಲ್ಲಿ 'ಘಟಶ್ರಾದ್ಧ'ದ ಮೂಲ ಕ್ಯಾಮರಾ ನೆಗೆಟಿವ್ ಒಂದು. ಅನಂತಮೂರ್ತಿಯವರ ಕಥೆಯನ್ನು ಕಾಸರವಳ್ಳಿಯವರು 1977ರಲ್ಲಿ ಸಿನಿಮಾ ಮಾಡಿದರು. ಛಾಯಾಗ್ರಹಣ ಎಸ್. ರಾಮಚಂದ್ರ ಅವರದು, ನಿರ್ಮಾಣ ಸದಾನಂದ ಸುವರ್ಣರದು. ಸ್ವರ್ಣಕಮಲ ಪಡೆದ ಆ ಚಿತ್ರವನ್ನು ಫಿಲ್ಮ್ ಫೌಂಡೇಶನ್ನಿನ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಮತ್ತು ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ ಇಟಲಿಯ ಬೊಲೋನ್ಯಾದ ಪ್ರಯೋಗಾಲಯದಲ್ಲಿ ಜೀರ್ಣೋದ್ಧಾರ ಮಾಡಿಸಿದವು. 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಅದು ತೆರೆ ಕಂಡಿತು.

ಇಂಥ ಹಳೆಯ ಫಿಲ್ಮಿನಿಂದ ಧೂಳನ್ನು ಎರಡು ಹಂತದಲ್ಲಿ ತೆಗೆಯುತ್ತಾರೆ. ಮೊದಲು ತೊಳೆಯುವುದು, ಆಮೇಲೆ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಅಳಿಸುವುದು. ಬಣ್ಣದ ಫಿಲ್ಮಾದರೆ ಒಂದು ಅನುಕೂಲವಿದೆ. ಅದರ ವರ್ಣದ್ರವ್ಯಗಳ ಮೂಲಕ ಇನ್‌ಫ್ರಾರೆಡ್ ಕಿರಣ ಹಾದುಹೋಗುತ್ತದೆ, ಧೂಳಿನ ಮೂಲಕ ಹೋಗುವುದಿಲ್ಲ. ಇನ್‌ಫ್ರಾರೆಡ್‌ನಲ್ಲಿ ಇನ್ನೊಮ್ಮೆ ಸ್ಕ್ಯಾನ್ ಮಾಡಿದರೆ ಧೂಳಿನ ನಕಾಶೆಯೇ ಸಿಗುತ್ತದೆ. 'ಘಟಶ್ರಾದ್ಧ' ಕಪ್ಪು ಬಿಳುಪು. ಆ ಬಗೆಯ ಫಿಲ್ಮಿನಲ್ಲಿ ಚಿತ್ರವಿರುವುದು ಬೆಳ್ಳಿಯ ಕಣಗಳಲ್ಲಿ. ಬೆಳ್ಳಿಯೂ ಇನ್‌ಫ್ರಾರೆಡ್ ತಡೆಯುತ್ತದೆ. ಚಿತ್ರ ಮತ್ತು ಧೂಳು ಎರಡೂ ಒಂದೇ ತರ ಕಂಡರೆ ನಕಾಶೆ ಬರೆಯುವುದೆಲ್ಲಿಂದ?

ಉಳಿಯುವ ದಾರಿ ಹೋಲಿಕೆ. ಹಿಂದಿನ ಫ್ರೇಮಿನಲ್ಲಿಲ್ಲ, ಮುಂದಿನ ಫ್ರೇಮಿನಲ್ಲಿಲ್ಲ, ಇದೊಂದರಲ್ಲೇ ಇದೆ ಎಂದರೆ ಅದು ಧೂಳು. ಸಾಫ್ಟ್‌ವೇರ್ ಅಕ್ಕಪಕ್ಕದ ಫ್ರೇಮಿನಿಂದ ತುಂಡು ತಂದು ತೇಪೆ ಹಾಕುತ್ತದೆ. ಆದರೆ ಮಳೆಯ ಹನಿಯೂ ಒಂದೇ ಫ್ರೇಮಿನಲ್ಲಿ ಕಾಣಬಹುದು. ಒಲೆಯ ಕಿಡಿಯೂ, ದೀಪದ ಸುತ್ತ ಹಾರುವ ಹುಳವೂ ಹಾಗೆಯೇ. ಯಂತ್ರಕ್ಕೆ ಪೂರ್ತಿ ಬಿಟ್ಟುಕೊಟ್ಟರೆ ಮಲೆನಾಡಿನ ಮಳೆಯೇ ನಿಂತುಹೋದೀತು. ಅದಕ್ಕೇ ಒಬ್ಬರು ಕೂತು ಫ್ರೇಮಿನಿಂದ ಫ್ರೇಮಿಗೆ ನೋಡಿ, ಇದು ಹನಿ, ಇದು ಧೂಳು ಎಂದು ಹೇಳಬೇಕಾಗುತ್ತದೆ.

ಈ ತರ್ಕ ನನಗೆ ಭಾಷಾಶಾಸ್ತ್ರದ ತರಗತಿಯಿಂದ ಪರಿಚಿತ. ಅಲ್ಲೇ ಸಮೀಪದ ಭಂಡಾರ್ಕರ್ ಮಂದಿರದಲ್ಲಿ 1919ರಲ್ಲಿ ಆರಂಭವಾಗಿ 1966ರಲ್ಲಿ ಮುಗಿದ ಮಹಾಭಾರತದ ಪರಿಷ್ಕರಣ ನಡೆದದ್ದೂ ಇದೇ ಹಾದಿಯಲ್ಲಿ. ಶಾರದಾ, ದೇವನಾಗರಿ, ತೆಲುಗು, ಗ್ರಂಥ, ಮಲಯಾಳ ಮೊದಲಾದ ಲಿಪಿಗಳ ಸಾವಿರಕ್ಕೂ ಹೆಚ್ಚು ಹಸ್ತಪ್ರತಿಗಳನ್ನು ಹೋಲಿಸಿದರು. ಒಂದೇ ಪ್ರತಿಯಲ್ಲಿದ್ದು ಬೇರೆಲ್ಲೂ ಇಲ್ಲದ ಪಾಠ ಬಹುಮಟ್ಟಿಗೆ ಲಿಪಿಕಾರನ ಕೈತಪ್ಪು. ಆದರೆ ಎಲ್ಲ ಪ್ರತಿಗಳ ಮೂಲವಾದ ಒಂದು ಪ್ರತಿಯಲ್ಲೇ ತಪ್ಪು ಆಗಿದ್ದರೆ? ಅದು ಎಲ್ಲದರಲ್ಲೂ ಒಂದೇ ಸಮನೆ ಇರುತ್ತದೆ. ಎಷ್ಟು ಪ್ರತಿ ಹೋಲಿಸಿದರೂ ಸಿಕ್ಕಿಬೀಳುವುದಿಲ್ಲ. ಪ್ರಧಾನ ಸಂಪಾದಕರಾಗಿದ್ದ ವಿ.ಎಸ್. ಸುಕ್ಥಣಕರರು ತಾವು ಮುಟ್ಟುತ್ತಿರುವುದು ವ್ಯಾಸರ ಮೂಲವನ್ನಲ್ಲ, ಸಿಕ್ಕಿರುವ ಪ್ರತಿಗಳಿಂದ ತಲುಪಬಹುದಾದ ಅತ್ಯಂತ ಹಳೆಯ ರೂಪವನ್ನು ಮಾತ್ರ ಎಂದು ಸ್ಪಷ್ಟವಾಗಿಯೇ ಹೇಳಿದ್ದರು.

ಫಿಲ್ಮಿನ ಧೂಳು ಒಂದು ಪ್ರತಿಯ ತಪ್ಪು. ನೆರೆಯವರನ್ನು ಕೇಳಿದರೆ ಸಿಕ್ಕಿಬೀಳುತ್ತದೆ. ಸೆನ್ಸರಿನ ಧೂಳು ಎಲ್ಲ ಪ್ರತಿಯ ತಪ್ಪು. ಒಂದೇ ಜಾಗದಲ್ಲಿ ನಿಂತು ತೆಗೆದ ನೂರು ಫೋಟೊಗಳನ್ನು ಹೋಲಿಸಿದರೂ ಅದು ದೃಶ್ಯದ ಭಾಗವೇ ಎನಿಸುತ್ತದೆ. ಅದನ್ನು ಹಿಡಿಯಲು ದೃಶ್ಯವನ್ನೇ ಬದಲಿಸಬೇಕು. ಕ್ಯಾಮರಾವನ್ನು ಬೇರೆಡೆಗೆ ತಿರುಗಿಸಿ, ಎಲ್ಲವೂ ಬದಲಾದಾಗ ಏನು ಬದಲಾಗಲಿಲ್ಲ ಎಂದು ನೋಡಬೇಕು. ಗೋಡೆಯೆದುರು ಕ್ಯಾಮರಾ ಅಲುಗಿಸುವ ಪರೀಕ್ಷೆಯ ಅರ್ಥ ಇಷ್ಟೇ.

ಕಸ ಮತ್ತು ಕಂಸ

ಇದು ಫೋಟೊಗ್ರಾಫರುಗಳಿಗಷ್ಟೇ ಸಂಬಂಧಿಸಿದ್ದಲ್ಲ. ಹಳೆಯ ಪುಸ್ತಕ, ಪತ್ರಿಕೆ, ಕಡತಗಳನ್ನು ದೇಶದ ತುಂಬಾ ಸ್ಕ್ಯಾನ್ ಮಾಡುತ್ತಿದ್ದೇವೆ. ಸ್ಕ್ಯಾನರಿನ ಗಾಜಿನ ಮೇಲೆ ಕೂತ ಒಂದು ಕಣ ಆ ದಿನ ಸ್ಕ್ಯಾನ್ ಆದ ಪ್ರತಿ ಪುಟದಲ್ಲೂ ಅದೇ ಜಾಗದಲ್ಲಿ ಅಚ್ಚಾಗುತ್ತದೆ. ಹಾಳೆ ಓಡಿ ಸೆನ್ಸರ್ ನಿಲ್ಲುವ ಯಂತ್ರವಾದರೆ ಪುಟದುದ್ದಕ್ಕೂ ಗೆರೆ ಎಳೆಯುತ್ತದೆ. ದೇವನಾಗರಿಯಲ್ಲಿ ಅನುಸ್ವಾರವೆಂದರೆ ಅಕ್ಷರದ ನೆತ್ತಿಯ ಮೇಲೊಂದು ಚುಕ್ಕೆ. ಧೂಳು ಸರಿಯಾದ ಜಾಗದಲ್ಲಿ ಕೂತರೆ ಕಸ ಕಂಸನಾಗುತ್ತಾನೆ. ಚಿತ್ರದಿಂದ ಅಕ್ಷರ ಗುರುತಿಸುವ ಯಂತ್ರ ಅದನ್ನು ಹಾಗೇ ಓದಿ ಮುಂದಕ್ಕೆ ದಾಟಿಸುತ್ತದೆ. ಕನ್ನಡದ ಸೊನ್ನೆ ದುಂಡಗೆ, ದೊಡ್ಡದಾಗಿ ಇರುವುದರಿಂದ ನಮಗೆ ತುಸು ರಕ್ಷಣೆ. ಆದರೆ ಅಂಕಿಗಳ ನಡುವಿನ ದಶಮಾಂಶ ಚುಕ್ಕೆಗೆ ಯಾವ ಲಿಪಿಯಲ್ಲೂ ರಕ್ಷಣೆಯಿಲ್ಲ. ಮೂಲ ಪ್ರತಿಯನ್ನು ಗೆದ್ದಲಿಗೋ ರದ್ದಿಗೋ ಬಿಟ್ಟ ಮೇಲೆ ಆ ಚುಕ್ಕೆಯನ್ನು ಕೇಳುವವರಾರು?

ಹಾಗಾಗಿ ಕೆಲವು ಸಣ್ಣ ಅಭ್ಯಾಸಗಳು. ದೊಡ್ಡ ಸಮಾರಂಭಕ್ಕೋ ದೂರದ ಪ್ರವಾಸಕ್ಕೋ ಹೊರಡುವ ಎರಡು ದಿನ ಮೊದಲು ಆಕಾಶದ ಒಂದು ಫೋಟೊವನ್ನು ಎಫ್/16ರಲ್ಲಿ ತೆಗೆದು ನೋಡಿ. ಶುಚಿಮಾಡಬೇಕಿದ್ದರೆ ಸಮಯವಿರುತ್ತದೆ. ಲೆನ್ಸ್ ಬದಲಿಸುವಾಗ ಕ್ಯಾಮರಾ ಆಫ್ ಮಾಡಿ, ಬಾಯಿ ಕೆಳಮುಖ ಮಾಡಿ, ಇನ್ನೊಂದು ಲೆನ್ಸನ್ನು ಮೊದಲೇ ಕೈಯಲ್ಲಿ ಹಿಡಿದಿರಿ. ಕನ್ನಡಿಯಿಲ್ಲದ ಹೊಸ ಕ್ಯಾಮರಾಗಳಲ್ಲಿ ಲೆನ್ಸ್ ತೆಗೆದರೆ ಸೆನ್ಸರ್ ಬಯಲಿಗೆ ಬೀಳುತ್ತದೆ. 2018ರ ಕ್ಯಾನನ್ ಇಒಎಸ್ ಆರ್‌ನಂಥ ಕೆಲವು ಮಾದರಿಗಳು ಮಾತ್ರ ಆಫ್ ಮಾಡಿದಾಗ ಶಟರನ್ನು ಬಾಗಿಲಿನಂತೆ ಮುಚ್ಚಿಕೊಳ್ಳುತ್ತವೆ. ಆ ಮುಚ್ಚಿದ ಶಟರನ್ನು ಬೆರಳಿಂದ ಮುಟ್ಟಬೇಡಿ, ಅದು ಸೆನ್ಸರಿನ ಗಾಜಿಗಿಂತ ನಾಜೂಕು. ಸ್ಕ್ಯಾನ್ ಮಾಡುವವರಾದರೆ ಕೆಲಸ ಶುರುಮಾಡುವ ಮೊದಲು ಒಂದು, ಮುಗಿಸುವಾಗ ಒಂದು ಖಾಲಿ ಬಿಳಿ ಹಾಳೆಯನ್ನು ಸ್ಕ್ಯಾನ್ ಮಾಡಿ, ಉಳಿದ ಪುಟಗಳ ಜೊತೆಗೇ ಇಟ್ಟಿರಿ. ನಾಳೆ ಯಾರಿಗಾದರೂ ಒಂದು ಚುಕ್ಕೆಯ ಮೇಲೆ ಅನುಮಾನ ಬಂದರೆ, ಆ ಎರಡು ಖಾಲಿ ಹಾಳೆಗಳು ಉತ್ತರ ಹೇಳುತ್ತವೆ.